ದೋಣಿಗೂ ಒಂದು ಲಿಮಿಟ್ ಉಂಟು

ಬ್ಯಾಂಕಿನಲ್ಲಿ ಕೂತು ಸಾಲದ ಫೈಲು ನೋಡುವವನಿಗೆ ದೋಣಿಯ ವಿಷಯದಲ್ಲಿ ಏನು ಅಭಿಪ್ರಾಯ ಅಂತ ನೀವು ಕೇಳಬಹುದು. ಅದೂ ಅಮೆರಿಕದ ಮಿನ್ನೆಸೋಟಾದ ಸರೋವರದಲ್ಲಿ ಓಡುವ ಹದಿನಾಲ್ಕು ಅಡಿಯ ಅಲ್ಯೂಮಿನಿಯಂ ದೋಣಿಯ ವಿಷಯದಲ್ಲಿ. ಕೇಳಿ, ತಪ್ಪೇನಿಲ್ಲ. ಆದರೆ ನಾಲ್ಕು ತಿಂಗಳಿಂದ ನಮ್ಮ ಡೊಂಬಿವಲಿ ಮನೆಯಲ್ಲಿ ಶನಿವಾರ ರಾತ್ರಿ ಇದು ಬಿಟ್ಟು ಬೇರೆ ಮಾತಿಲ್ಲ. ನನ್ನ ಅಕ್ಕನ ಮಗ ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹಳೇ ದೋಣಿಯೊಂದನ್ನು ಕೊಂಡುಕೊಂಡು, ಒಳಗೆ ಸಮತಟ್ಟಾದ ನೆಲ ಹಾಕಿಸಿ, ಮುಂದುಗಡೆ ನಿಂತು ಗಾಳ ಹಾಕಲು ಎತ್ತರದ ಡೆಕ್ ಕಟ್ಟುತ್ತೇನೆ ಅಂತ ಹೊರಟಿದ್ದಾನೆ. "ಹಾಕಿಸಿ" ಅಂದೆನಲ್ಲ, ಅದು ನಮ್ಮ ಕಡೆಯ ಮಾತು. ಅಲ್ಲಿ ಎಲ್ಲ ಸ್ವಂತ ಕೈಯಿಂದಲೇ. ಗ್ಯಾರೇಜಿನಿಂದ ವೀಡಿಯೋ ಕಾಲ್ ಮಾಡಿ ಒಂದೊಂದು ಹಲಗೆಯನ್ನೂ ನನಗೆ ತೋರಿಸುತ್ತಾನೆ. ನಾನು ಗಂಗೊಳ್ಳಿಯವನು. ಮುಂಬೈಗೆ ಬಂದು ಮೂವತ್ತು ವರ್ಷ ದಾಟಿದರೂ ದೋಣಿ ಅಂದ ಕೂಡಲೇ ಬಾಯಿ ಹಾಕದೆ ಇರಲಾಗುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೆಲ ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಅದು ಆದಷ್ಟು ಕೆಳಗಿರಬೇಕು, ಆದಷ್ಟು ಹಗುರ ಇರಬೇಕು. ನಡುವಿನ ಬೆಂಚನ್ನು ಕಿತ್ತು ಬಿಸಾಡಬಾರದು. ಎತ್ತರದ ಡೆಕ್ ಇಂಥ ಸಣ್ಣ ದೋಣಿಗೆ ಬೇಡವೇ ಬೇಡ.

ಈ ದೋಣಿಗಳನ್ನು ನೋಡದವರಿಗಾಗಿ ಎರಡು ಮಾತು. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ವಿಮಾನಕ್ಕೆ ತಗಡು ಬಡಿಯುತ್ತಿದ್ದವರ ಕೈಗೆ ಕೆಲಸ ಬೇಕಿತ್ತು. ಯುದ್ಧವಿಮಾನ ಮಾಡುತ್ತಿದ್ದ ಗ್ರಮ್ಮನ್ ಕಂಪನಿ 1945ರಲ್ಲಿ ಅಲ್ಯೂಮಿನಿಯಂ ಕೆನೂ ಮಾಡಲು ಹೊರಟಿತು. ಮಿನ್ನೆಸೋಟಾದಲ್ಲೂ ಲುಂಡ್, ಅಲ್ಯುಮಾಕ್ರಾಫ್ಟ್ ಮುಂತಾದ ದೋಣಿ ಕಂಪನಿಗಳು ಹುಟ್ಟಿದ್ದು ಆ ಕಾಲದಲ್ಲೇ. ಹತ್ತು ಎಕರೆಗಿಂತ ದೊಡ್ಡ ಸರೋವರಗಳೇ ಹನ್ನೊಂದು ಸಾವಿರಕ್ಕೂ ಹೆಚ್ಚಿರುವ ರಾಜ್ಯ ಅದು. ಅಲ್ಲಿ ದೋಣಿ ಅಂದರೆ ನಮ್ಮಲ್ಲಿ ಸ್ಕೂಟರ್ ಇದ್ದ ಹಾಗೆ. ಮರ ಕೊಳೆಯುತ್ತದೆ, ಫೈಬರ್ ಭಾರ. ಒಂದೂವರೆ ಎರಡು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡನ್ನು ಬಗ್ಗಿಸಿ, ಒಳಗೆ ಅಡ್ಡಡ್ಡ ಪಕ್ಕೆಲುಬು ಕೊಟ್ಟು, ರಿವಿಟ್ ಹೊಡೆದರೆ ನೂರು ಕಿಲೋ ಆಸುಪಾಸಿನಲ್ಲಿ ಹದಿನಾಲ್ಕು ಅಡಿಯ ದೋಣಿ ತಯಾರು. ಅಡಿ ಪೂರ್ತಿ ಚಪ್ಪಟೆ ಇದ್ದರೆ ಅದಕ್ಕೆ ಜಾನ್ ಬೋಟ್ ಅನ್ನುತ್ತಾರೆ. ನನ್ನ ಅಳಿಯನದ್ದು ಆ ಜಾತಿಯದಲ್ಲ, ಅಡಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ನಡುವೆ ಇಳಿದಿದೆ. ಅಲೆ ಸೀಳಿಕೊಂಡು ಹೋಗಲು ಅದು ಒಳ್ಳೆಯದು. ನಿಂತಲ್ಲಿ ಮಾತ್ರ ಹೆಚ್ಚು ಓಲಾಡುತ್ತದೆ. ಒಳಗೆ ಮೂರು ಅಡ್ಡ ಬೆಂಚು, ಅಷ್ಟೇ.

ಇನ್ನು ಸಮತಟ್ಟು ನೆಲದ ಆಸೆ ಯಾಕೆ? ಆಸೆ ನ್ಯಾಯವಾದದ್ದೇ. ಇಳಿಜಾರಾದ ತಗಡು, ಅದರ ಮೇಲೆ ಅಡಿಗೊಂದರಂತೆ ಎದ್ದು ನಿಂತ ಪಕ್ಕೆಲುಬು, ಮೇಲೆ ಮೀನಿನ ಲೋಳೆ, ನೀರು. ಕಾಲಿಟ್ಟರೆ ಪಾದ ಓರೆ. ಐವತ್ತು ದಾಟಿದವರ ಮಂಡಿಗೆ ಅದು ಶಿಕ್ಷೆ, ಮಕ್ಕಳ ಕಾಲಿಗೆ ಅಪಾಯ. ಮತ್ತೆ ಒಂದು ಡಬ್ಬ ಕೈತಪ್ಪಿ ಬಿದ್ದರೆ ಮೀನು ಇದ್ದದ್ದೂ ಓಡಿಹೋಗುವಷ್ಟು ಸದ್ದು. ಆದ್ದರಿಂದ ಪಕ್ಕೆಲುಬಿನ ಮೇಲೆ ಪ್ಲೈವುಡ್ ಕೂರಿಸಿ ಕಾರ್ಪೆಟ್ ಹಾಸಿದರೆ ಏನೋ ಮನೆಯೊಳಗೆ ನಡೆದ ಹಾಗೆ. ಇಲ್ಲಿಯವರೆಗೆ ನಾನೂ ಒಪ್ಪಿದೆ.

ತಕರಾರು ಶುರುವಾಗುವುದು ಇಲ್ಲಿಂದ ಮುಂದೆ. ನೆಲ ಸಮತಟ್ಟಾದ ಮೇಲೆ, "ಇನ್ನೂ ನಾಲ್ಕಿಂಚು ಎತ್ತರಿಸಿದರೆ ಕೆಳಗೆ ಸಾಮಾನು ಇಡಬಹುದಲ್ಲ" ಅನ್ನಿಸುತ್ತದೆ. ಎತ್ತರಿಸಿದ ಮೇಲೆ "ಈ ನಡುವಿನ ಬೆಂಚು ಯಾಕೆ ಅಡ್ಡ" ಅನ್ನಿಸುತ್ತದೆ. ಅದನ್ನು ಕಿತ್ತ ಮೇಲೆ "ಮುಂದಿನ ಬೆಂಚಿನ ಮಟ್ಟಕ್ಕೆ ಡೆಕ್ ಎಳೆದರೆ ನಿಂತು ಗಾಳ ಹಾಕಬಹುದು" ಅನ್ನಿಸುತ್ತದೆ. ಅದರ ಮೇಲೆ ತಿರುಗುವ ಕುರ್ಚಿ, ಕೆಳಗೆ ಎರಡು ಬ್ಯಾಟರಿ, ಮೀನಿಗೆ ನೀರಿನ ತೊಟ್ಟಿ. ಮುಂಬೈ ಫ್ಲ್ಯಾಟಿನವರಿಗೆ ಇದೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಬಾಲ್ಕನಿಯನ್ನು ಹಾಲಿಗೆ ಸೇರಿಸುತ್ತೇವೆ. ಆಮೇಲೆ ಎರಡು ನೆಲ ಒಂದೇ ಮಟ್ಟಕ್ಕೆ ಬರಲಿ ಅಂತ ಹಳೇ ಟೈಲಿನ ಮೇಲೆ ಸಿಮೆಂಟ್ ತುಂಬಿ ಹೊಸ ಟೈಲು ಹಾಕುತ್ತೇವೆ. ಹೊರಗೆ ಚಾಚಿಕೊಂಡಿರುವ ಆ ಚಪ್ಪಡಿಯನ್ನು ಎಷ್ಟು ಭಾರಕ್ಕೆ ಕಟ್ಟಿದ್ದರು ಅಂತ ಯಾರೂ ಕೇಳುವುದಿಲ್ಲ. ಸೊಸೈಟಿಯ ಮೀಟಿಂಗಿನಲ್ಲಿ ಕೇಳಿದವನು ಎಲ್ಲರಿಗೂ ಶತ್ರು!

ಇರಲಿ, ದೋಣಿಗೆ ಬರೋಣ. ಅಮೆರಿಕದವರ ಒಂದು ವ್ಯವಸ್ಥೆ ನನಗೆ ಬಹಳ ಹಿಡಿಸಿತು. 1971ರಲ್ಲಿ ದೋಣಿಗಳ ಸುರಕ್ಷತೆಗೆ ಒಂದು ಕಾನೂನು ಮಾಡಿದರು. ಅದರಂತೆ 1972ರ ನವೆಂಬರಿನಿಂದ ಇಪ್ಪತ್ತು ಅಡಿಗಿಂತ ಚಿಕ್ಕದಾದ ಇಂಥ ಮೋಟಾರ್ ದೋಣಿಗಳಲ್ಲಿ, ಕಣ್ಣಿಗೆ ಬೀಳುವ ಜಾಗದಲ್ಲಿ ಒಂದು ಫಲಕ ಇರಲೇಬೇಕು. ಎಷ್ಟು ಜನ, ಒಟ್ಟು ಎಷ್ಟು ತೂಕ, ಮೋಟಾರು ಎಷ್ಟು ಹಾರ್ಸ್‌ಪವರಿನದು ಅಂತ ಅದರಲ್ಲಿ ಬರೆದಿರುತ್ತದೆ. ಅಳಿಯನ ದೋಣಿಯ ಫಲಕದಲ್ಲಿ ಜನ, ಮೋಟಾರು, ಸಾಮಾನು ಎಲ್ಲ ಸೇರಿ 700 ಪೌಂಡ್ ಅಂತ ಇದೆ. ಅಂದರೆ ಸುಮಾರು 317 ಕಿಲೋ. ನಾಲ್ಕು ಜನ ಅಂತಲೂ ಇದೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಸ್ಯಾಂಕ್ಷನ್ಡ್ ಲಿಮಿಟ್. ಕ್ಯಾಶ್ ಕ್ರೆಡಿಟ್ ಖಾತೆ ಇಟ್ಟುಕೊಂಡ ವ್ಯಾಪಾರಿಗಳಿಗೆ ನಾನು ವರ್ಷಗಟ್ಟಲೆ ಹೇಳಿದ್ದೇನೆ: ಸ್ವಾಮೀ, ಮಂಜೂರಾದ ಲಿಮಿಟ್ ಬೇರೆ, ಇವತ್ತು ನೀವು ತೆಗೆಯಬಹುದಾದ ಮೊತ್ತ ಬೇರೆ. ಎರಡನೆಯದಕ್ಕೆ ಡ್ರಾಯಿಂಗ್ ಪವರ್ ಅನ್ನುತ್ತೇವೆ. ಗೋದಾಮಿನಲ್ಲಿ ಮಾಲು ಕಡಿಮೆಯಾದರೆ ಅದೂ ಇಳಿಯುತ್ತದೆ, ಕಾಗದದ ಮೇಲಿನ ಲಿಮಿಟ್ ಮಾತ್ರ ಹಾಗೆಯೇ ಇರುತ್ತದೆ. ದೋಣಿಯ ಫಲಕವೂ ಅದೇ ತರಹ. ಅದು ಕಾರ್ಖಾನೆಯಿಂದ ಹೊರಬಂದ ದಿನದ ದೋಣಿಗೆ ಬರೆದದ್ದು. ನೀವು ಗ್ಯಾರೇಜಿನಲ್ಲಿ ಡೆಕ್ ಕಟ್ಟಿದ ಮೇಲೆ ಅದನ್ನು ತಿದ್ದಲು ಯಾರೂ ಬರುವುದಿಲ್ಲ.

ಒಂದು ಶನಿವಾರ ನಾನು ಕಾಗದ ಹಿಡಿದು ಕೂತೆ. "ನಿನ್ನ ಮೋಟಾರು ಎಷ್ಟು ತೂಕ ಮಾಣಿ?" ಹದಿನೈದು ಹಾರ್ಸ್‌ಪವರಿನ ಫೋರ್ ಸ್ಟ್ರೋಕ್, 52 ಕಿಲೋ. ಪೆಟ್ರೋಲು ತುಂಬಿದ ಟ್ಯಾಂಕು 20. ಲೆಡ್ ಆಸಿಡ್ ಬ್ಯಾಟರಿ ಒಂದಕ್ಕೆ 27ರಂತೆ ಎರಡಕ್ಕೆ 54. ಮುಂದುಗಡೆಯ ಸಣ್ಣ ಎಲೆಕ್ಟ್ರಿಕ್ ಮೋಟಾರು 15. ಇನ್ನು ಅವನ ನಕ್ಷೆಯ ಪ್ರಕಾರ ನೆಲ ಮತ್ತು ಡೆಕ್: ಎಂಟಡಿ ನಾಲ್ಕಡಿಯ ಅರ್ಧ ಇಂಚಿನ ಪ್ಲೈವುಡ್ ಹಾಳೆ ಒಂದಕ್ಕೆ ಹೆಚ್ಚುಕಡಿಮೆ 20 ಕಿಲೋ, ಅಂಥದ್ದು ಎರಡೂವರೆ ಹಾಳೆ ಬೇಕು, 50. ಕೆಳಗಿನ ಮರದ ಚೌಕಟ್ಟು, ಸ್ಕ್ರೂ, ಕಾರ್ಪೆಟ್ ಎಲ್ಲ ಸೇರಿ ಇನ್ನೊಂದು 30. ಒಟ್ಟು 221 ಕಿಲೋ. 317ರಲ್ಲಿ ಕಳೆದರೆ ಉಳಿದದ್ದು 96.

ತೊಂಬತ್ತಾರು ಕಿಲೋ! ಅಂದರೆ ಒಬ್ಬ ಮನುಷ್ಯ, ಅವನ ಜಾಕೆಟ್ಟು, ಗಾಳದ ಪೆಟ್ಟಿಗೆ, ಮಧ್ಯಾಹ್ನದ ಬುತ್ತಿ. ಅಲ್ಲಿಗೆ ಮುಗಿಯಿತು. ನಾಲ್ಕು ಜನ ಅಂತ ಫಲಕ ಹೇಳುವ ದೋಣಿಯಲ್ಲಿ ಹೆಂಡತಿಗೆ ಜಾಗವಿಲ್ಲ. ಅವನಿಗೆ ಆರು ವರ್ಷದ ಮಗಳಿದ್ದಾಳೆ. ಇಡೀ ಯೋಜನೆಯೇ ಅವಳನ್ನು ಮೀನು ಹಿಡಿಯಲು ಕರೆದುಕೊಂಡು ಹೋಗುವುದಕ್ಕೆ. ಜಾಗ ಕಾಣಿಸುತ್ತದೆ, ಮಾರಾಯ್ರೆ. ವಿಶಾಲವಾದ ಸಮತಟ್ಟು ನೆಲ ಮಾಡಿಟ್ಟ ಮೇಲೆ ಐದು ಜನ ಬೇಕಾದರೂ ಕೂರಬಹುದು ಅನ್ನಿಸುತ್ತದೆ. ಬೆಂಚಿದ್ದಾಗ ಬೆಂಚೇ ಜನರನ್ನು ಎಣಿಸುತ್ತಿತ್ತು.

ತೂಕದ್ದು ಒಂದು, ಎತ್ತರದ್ದು ಇನ್ನೊಂದು. ನನಗೆ ಕೇಳಿದರೆ ಎತ್ತರದ್ದೇ ಹೆಚ್ಚು. ನಮ್ಮೂರಿನಲ್ಲಿ ಪಂಚಗಂಗಾವಳಿ ಹೊಳೆ ದಾಟುವಾಗ ದೋಣಿಯವನು ಎಂಥ ದೊಡ್ಡ ಮನುಷ್ಯನಿಗೂ "ಕೂಕಣಿ, ಕೂಕಣಿ" ಅನ್ನುತ್ತಿದ್ದ. ಕೂತವರ ಭಾರ ಕೆಳಗಿರುತ್ತದೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಈ ಅಲ್ಯೂಮಿನಿಯಂ ದೋಣಿಯ ತೂಕ ನೂರು ಕಿಲೋ, ಅದರಲ್ಲಿ ನಿಲ್ಲುವವನು ಎಂಬತ್ತು ಕಿಲೋ. ಹಡಗಿನಲ್ಲಿ ಒಬ್ಬ ಎದ್ದು ನಿಂತರೆ ಹಡಗಿಗೆ ಗೊತ್ತಾಗುವುದಿಲ್ಲ. ಇಲ್ಲಿ ದೋಣಿಯಷ್ಟೇ ಭಾರದ ವಸ್ತುವೊಂದು ಒಂದಡಿ ಎತ್ತರದ ಅಟ್ಟದ ಮೇಲೆ ನಿಂತುಕೊಂಡು, ಪಕ್ಕಕ್ಕೆ ಬಾಗಿ, ಬಲೆ ಹಾಕಿ ಮೀನೆತ್ತುತ್ತದೆ.

2023ರ ಜುಲೈಯಲ್ಲಿ ನಾನೂ ನನ್ನಾಕೆಯೂ ಅಲ್ಲಿಗೆ ಹೋಗಿದ್ದೆವು. ಅವನ ನೆರೆಯವರದ್ದು ಇಂಥದ್ದೇ ಡೆಕ್ ಹಾಕಿದ ದೋಣಿ, ಪ್ರೀತಿಯಿಂದ ಕರೆದುಕೊಂಡು ಹೋದರು. ಮುಂದಿನ ಡೆಕ್ಕಿನ ಮೇಲೆ ಹತ್ತಿ ನಿಂತೆ. ಕೆಳಗೆ ನಿಂತಾಗ ಮಂಡಿಯವರೆಗೆ ಬರುತ್ತಿದ್ದ ದೋಣಿಯ ಅಂಚು ಈಗ ಪಾದದ ಗಂಟಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಹಿಡಿದುಕೊಳ್ಳಲು ಏನೂ ಇಲ್ಲ. ಹೊರಕ್ಕೆ ವಾಲಿದರೆ ಆ ಅಂಚು ನಿಮ್ಮನ್ನು ತಡೆಯುವುದು ಬಿಡಿ, ಕಾಲಿಗೆ ಸಿಕ್ಕಿ ಎಡವಿಸುವ ಕೆಲಸ ಮಾಡುತ್ತದೆ. ದೂರದಲ್ಲಿ ಇನ್ನೊಂದು ದೋಣಿ ಹೋಯಿತು, ಅದರ ಅಲೆ ಬಂತು. ನಾನು ಯಾವ ಮರ್ಯಾದೆಯೂ ನೋಡದೆ ಕೂತುಬಿಟ್ಟೆ. ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಂತು ವರ್ಷಾನುಗಟ್ಟಲೆ ಓಡಾಡಿದವನು ನಾನು. ಅಲ್ಲಿಯಾದರೂ ನಡುವೆ ಒಂದು ಕಂಬ ಇರುತ್ತದೆ.

ಬೆಂಚಿನ ವಿಷಯ ಬಹಳ ಜನರಿಗೆ ಗೊತ್ತಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಬೆಂಚುಗಳು ಬರೀ ಕೂರಲು ಇಟ್ಟದ್ದಲ್ಲ. ಒಂದು, ಅವು ಎರಡು ಬದಿಯ ತಗಡನ್ನು ಹಿಡಿದಿಟ್ಟ ಅಡ್ಡತೊಲೆಗಳು. ಕಿತ್ತರೆ ಅಲೆಯ ಹೊಡೆತಕ್ಕೆ ಬದಿಗಳು ಒಳಗೂ ಹೊರಗೂ ಆಡಲು ಶುರು, ಕ್ರಮೇಣ ರಿವಿಟ್ ಸಡಿಲ, ಆಮೇಲೆ ಸೋರಿಕೆ. ಎರಡು, ಅವುಗಳ ಹೊಟ್ಟೆಯೊಳಗೆ ತೇಲುವ ಫೋಮ್ ತುಂಬಿರುತ್ತದೆ. ದೋಣಿಗೆ ನೀರು ತುಂಬಿದರೂ ಅದು ಮುಳುಗದೆ, ಮಗುಚದೆ, ಸಮತಟ್ಟಾಗಿಯೇ ತೇಲುತ್ತಿರಬೇಕು ಅಂತ ಇಂಥ ಔಟ್‌ಬೋರ್ಡ್ ದೋಣಿ ತಯಾರಿಸುವವರಿಗೆ ಅಲ್ಲಿ ನಿಯಮವೇ ಇದೆ. ನೀರಿನೊಳಗೆ ಒಂದು ಲೀಟರ್ ಫೋಮ್ ಇದ್ದರೆ ಹೆಚ್ಚುಕಡಿಮೆ ಒಂದು ಕಿಲೋ ಎತ್ತಿ ಹಿಡಿಯುತ್ತದೆ. ನಡುವಿನ ಬೆಂಚಿನಿಂದ ಐವತ್ತು ಲೀಟರ್ ಫೋಮ್ ಹೊರಗೆ ಎಸೆದರೆ ಐವತ್ತು ಕಿಲೋ ಎತ್ತುವ ಕೈಯನ್ನು ಕಡಿದ ಹಾಗೆ. ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ, ಜಾಗ ಹೆಚ್ಚಾಯಿತು ಅಂತ ಖುಷಿ. ಪ್ರಾವಿಷನ್ ಹಣ ತೆಗೆದು ಲಾಭ ತೋರಿಸಿದ ಬ್ಯಾಲೆನ್ಸ್ ಶೀಟಿನ ಹಾಗೆ.

"ಮಾವ, ಅದಕ್ಕೆ ಬದಲಾಗಿ ನೆಲದ ಕೆಳಗೆ ಫೋಮ್ ಹಾಕ್ತೇನೆ" ಅಂದ. ಹಾಕಲಿ, ಆದರೆ ಅದಕ್ಕೂ ಕ್ರಮ ಇದೆ. ನಮ್ಮ ಗಣಪತಿ ಮಂಟಪಕ್ಕೆ ಬಳಸುತ್ತಿದ್ದೆವಲ್ಲ ಥರ್ಮೋಕೋಲ್ (2018ರಲ್ಲಿ ಮಹಾರಾಷ್ಟ್ರ ಸರ್ಕಾರ ನಿಷೇಧಿಸುವ ತನಕ), ಆ ಕಾಳುಕಾಳಿನ ಜಾತಿ ಇದಕ್ಕೆ ಆಗುವುದಿಲ್ಲ, ಪುಡಿಯಾಗುತ್ತದೆ, ನೀರು ಹೀರುತ್ತದೆ. ಮನೆಯ ಗೋಡೆಗೆ ಶಾಖ ತಡೆಯಲು ಹಾಕುವ ಗುಲಾಬಿ ಅಥವಾ ನೀಲಿ ಬಣ್ಣದ ಒತ್ತಾದ ಹಲಗೆ ಸಿಗುತ್ತದೆ, ಅದು ವಾಸಿ. ಎರಡೂ ಪಾಲಿಸ್ಟೈರೀನೇ, ಪೆಟ್ರೋಲು ಚೆಲ್ಲಿದರೆ ಎರಡೂ ಕರಗುತ್ತವೆ. ಟ್ಯಾಂಕಿನ ಹತ್ತಿರ ಇಡಬಾರದು. ಮತ್ತೆ ಫೋಮ್ ಪೂರ್ತಿ ಕೆಳಗೇ ಇದ್ದರೆ ನೀರು ತುಂಬಿದ ದೋಣಿಯನ್ನು ಅಡಿಯಿಂದ ಮೇಲೆ ತಳ್ಳುತ್ತದೆ, ಆಗ ದೋಣಿ ಮಗುಚಿಕೊಳ್ಳಲು ನೋಡುತ್ತದೆ. ಮೇಲೆ, ಎರಡು ಬದಿಗೆ ಇದ್ದರೆ ನೆಟ್ಟಗೆ ನಿಲ್ಲುತ್ತದೆ. ಕಂಪನಿಯವರು ಬೆಂಚಿನ ಎತ್ತರದಲ್ಲಿ ಇಟ್ಟದ್ದು ಸುಮ್ಮನೆ ಅಲ್ಲ.

ನೀರು ಹೋಗುವ ದಾರಿಯನ್ನೂ ಮುಚ್ಚಬಾರದು. ದೋಣಿಯೊಳಗೆ ಬಿದ್ದ ಮಳೆ, ಅಲೆಯ ನೀರು ಪಕ್ಕೆಲುಬುಗಳ ಸಂದಿನಿಂದ ಹಿಂಭಾಗಕ್ಕೆ ಹರಿದು ಬರಬೇಕು, ದಡಕ್ಕೆ ಎಳೆದ ಮೇಲೆ ಬಿರಡೆ ತೆಗೆದರೆ ಸುರಿದುಹೋಗಬೇಕು. ಫೋಮ್ ಒತ್ತೊತ್ತಾಗಿ ತುಂಬಿ ಮೇಲೆ ಪ್ಲೈವುಡ್ ಜಡಿದರೆ ಆ ನೀರು ಅಲ್ಲೇ ನಿಲ್ಲುತ್ತದೆ. ಹಾಗಾಗಿ ನೆಲದ ತುಂಡುಗಳು ಬಿಚ್ಚಿ ತೆಗೆಯುವಂತಿರಬೇಕು.

ಮರದ ಆಯ್ಕೆಯಲ್ಲೂ ಒಂದು ಗುಂಡಿ ಇದೆ. ಕೊಳೆಯಬಾರದು ಅಂತ ಅಂಗಡಿಯಲ್ಲಿ ಔಷಧಿ ಹಾಕಿದ ಹಸಿರು ಛಾಯೆಯ ಮರ ಮಾರುತ್ತಾರೆ. 2003ರ ಕೊನೆಗೆ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಇರುವ ಔಷಧಿ ನಿಂತಿತು, ಅದರ ಜಾಗಕ್ಕೆ ತಾಮ್ರ ಹೆಚ್ಚಿರುವವು ಬಂದವು. ತಾಮ್ರ, ಅಲ್ಯೂಮಿನಿಯಂ, ನಡುವೆ ನೀರು ಸೇರಿದರೆ ಒಂದು ಬ್ಯಾಟರಿಯೇ ಆಗಿಬಿಡುತ್ತದೆ, ಸವೆಯುವುದು ಅಲ್ಯೂಮಿನಿಯಂ. ಎರಡು ಮಿಲಿಮೀಟರ್ ತಗಡಿಗೆ ಅದು ಕ್ಷಯರೋಗ. ಸಾಧಾರಣ ಹೊರಾಂಗಣ ಪ್ಲೈವುಡ್ ತೆಗೆದುಕೊಂಡು, ಅಂಚಿಗೆಲ್ಲ ಎಪಾಕ್ಸಿ ಬಳಿದು, ಸ್ಟೈನ್‌ಲೆಸ್ ಸ್ಕ್ರೂ ಹಾಕಿದರೆ ಸಾಕು. ಸ್ಕ್ರೂವಿನ ಉದ್ದವನ್ನು ಅಳೆದು ನೋಡಿ ಹಾಕುವುದು. ತಳ ತೂತಾದರೆ ನಗುವವರು ನಾವೇ.

ಅಳಿಯನ ವಾದವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ನಿಂತರೆ ನೀರಿನೊಳಗೆ ಮೀನು, ಹುಲ್ಲು, ಕಲ್ಲು ಎಲ್ಲ ಕಾಣುತ್ತದೆ, ಕೂತರೆ ಬರೀ ಬೆಳಕು ಹೊಳೆಯುತ್ತದೆ ಅನ್ನುತ್ತಾನೆ. ಸರಿಯೇ. ಅಲ್ಲಿ ಸಾವಿರಾರು ಜನ ಹೀಗೆ ಡೆಕ್ ಕಟ್ಟಿಕೊಂಡಿದ್ದಾರೆ, ಎಲ್ಲರೂ ಮುಳುಗಿದರಾ ಅಂತ ಕೇಳುತ್ತಾನೆ. ಇದಕ್ಕೆ ನನ್ನ ಉತ್ತರ ಬ್ಯಾಂಕಿನದ್ದೇ: ಲಿಮಿಟ್ ಮೀರಿದ ಖಾತೆಗಳೆಲ್ಲ ಆ ದಿನವೇ ಮುಳುಗುವುದಿಲ್ಲ. ಮಾರುಕಟ್ಟೆ ನೆಟ್ಟಗಿರುವ ತನಕ ಎಲ್ಲರೂ ಜಾಣರೇ. ಒಂದು ಗಾಳಿ, ಒಂದು ದೊಡ್ಡ ದೋಣಿಯ ಅಲೆ, ಎರಡು ಜನ ಒಂದೇ ಸಲ ಒಂದೇ ಬದಿಗೆ ಬಂದದ್ದು. ಅಷ್ಟೇ ಬೇಕಾಗಿರುವುದು.

ನಮ್ಮ ದೇಶದಲ್ಲಿ ಇದರ ಪಾಠ ಬಹಳ ದೊಡ್ಡ ಬೆಲೆಗೆ ಸಿಕ್ಕಿದೆ, ಸಿಕ್ಕಿದರೂ ಕಲಿತಿಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡು ಅಂತಸ್ತಿನ ದೋಣಿ ಮಗುಚಿತು, 45 ಜನ ಹೋದರು. ಕಾಡುಪ್ರಾಣಿ ನೋಡಲು ಜನ ಒಂದೇ ಬದಿಗೆ ಸರಿದರು ಅಂತ ಆಗ ಪತ್ರಿಕೆಗಳಲ್ಲಿ ಓದಿದ್ದೆವು. 2023ರ ಮೇ 7ರಂದು ತಾನೂರಿನಲ್ಲಿ 22 ಜನ, ಅದರಲ್ಲಿ ಬಹಳಷ್ಟು ಮಕ್ಕಳು. ಅದು ಮೀನುಗಾರಿಕೆಯ ದೋಣಿಯನ್ನು ಪ್ರವಾಸಿಗರಿಗಾಗಿ ಎರಡು ಅಂತಸ್ತಿಗೆ ಮಾರ್ಪಡಿಸಿದ್ದು. ಮೂಲ ದೋಣಿ ಒಂದು ಲೆಕ್ಕಕ್ಕೆ ಕಟ್ಟಿದ್ದು, ಮೇಲಿನ ಅಟ್ಟ ಇನ್ನೊಂದು ಆಸೆಗೆ ಕಟ್ಟಿದ್ದು. ಹದಿನಾಲ್ಕು ಅಡಿಯ ದೋಣಿಗೂ ಅದಕ್ಕೂ ಅಳತೆಯಲ್ಲಿ ವ್ಯತ್ಯಾಸ ಉಂಟು. ತೂಕವನ್ನು ಮೇಲಕ್ಕೆ ಏರಿಸಿದಾಗ ನೀರು ಮಾಡುವ ಲೆಕ್ಕ ಒಂದೇ.

ಇದಕ್ಕೆಲ್ಲ ಲೈಫ್ ಜಾಕೆಟ್ ಇದೆಯಲ್ಲ ಅಂತಲೂ ಒಂದು ಉತ್ತರ ಬಂತು. ಮಿನ್ನೆಸೋಟಾದಲ್ಲಿ ದೋಣಿ ಚಲಿಸುತ್ತಿರುವಾಗ ಹತ್ತು ವರ್ಷದೊಳಗಿನ ಮಕ್ಕಳು ಜಾಕೆಟ್ ತೊಟ್ಟಿರಲೇಬೇಕು, ಹಾಗಾಗಿ ಮಗಳ ಮೈಮೇಲೆ ಅದು ಇರುತ್ತದೆ. ದೊಡ್ಡವರು ಮಾತ್ರ ಅದನ್ನು ಸೀಟಿನ ಕೆಳಗೆ ಇಟ್ಟುಕೊಂಡು ಹೋಗುತ್ತಾರೆ. ಅಮೆರಿಕದ ಕೋಸ್ಟ್ ಗಾರ್ಡಿನ ವಾರ್ಷಿಕ ವರದಿಗಳು ವರ್ಷ ವರ್ಷವೂ ಅದನ್ನೇ ಹೇಳುತ್ತವೆ: ಮುಳುಗಿ ಸತ್ತವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಜಾಕೆಟ್ ತೊಟ್ಟಿರಲಿಲ್ಲ. ಅಲ್ಲಿ ವಾಲ್‌ಐ ಮೀನಿನ ಸೀಸನ್ ಶುರುವಾಗುವುದು ಮೇ ತಿಂಗಳ ಮಧ್ಯಕ್ಕೆ. ಕೆಲವು ವಾರದ ಹಿಂದಷ್ಟೇ ಮಂಜುಗಡ್ಡೆ ಕರಗಿದ ನೀರು. ಅದಕ್ಕೆ ಬಿದ್ದರೆ ಉಸಿರೇ ಸಿಕ್ಕಿಕೊಳ್ಳುತ್ತದೆ, ಈಜು ಬರುತ್ತದೋ ಇಲ್ಲವೋ ಅನ್ನುವುದು ಆಮೇಲಿನ ಪ್ರಶ್ನೆ.

ಹಾಗಾದರೆ ಏನು ಮಾಡಬೇಕು? ನಾನು ಹೇಳಿದ್ದು ಇಷ್ಟು. ಮೂರೂ ಬೆಂಚು ಅಲ್ಲಲ್ಲೇ ಇರಲಿ. ಬೆಂಚುಗಳ ನಡುವಿನ ಎರಡು ಖಾಲಿ ಜಾಗದಲ್ಲಿ ಮಾತ್ರ, ಪಕ್ಕೆಲುಬಿನ ಮೇಲೇ ಕೂರುವಂತೆ, ಮರದ ಬದಲು ಅಲ್ಯೂಮಿನಿಯಂ ಆಂಗಲ್ ಚೌಕಟ್ಟು, ಅದರ ಮೇಲೆ ತೆಳು ಪ್ಲೈವುಡ್. ಎಲ್ಲ ಸೇರಿ 30 ಕಿಲೋ ದಾಟದು. ಎರಡು ಲೆಡ್ ಬ್ಯಾಟರಿಯ ಬದಲು ಒಂದು ಲಿಥಿಯಂ, ಅದು 12 ಕಿಲೋ. ದುಡ್ಡು ಜಾಸ್ತಿ, ಒಪ್ಪಿದೆ, ಆದರೆ ಡೆಕ್ಕಿಗೆ ಖರ್ಚು ಮಾಡಲು ಹೊರಟಿದ್ದ ದುಡ್ಡು ಉಳಿಯಿತಲ್ಲ. ಈಗ ಕೂಡಿಸಿ: ಮೋಟಾರು 52, ಟ್ಯಾಂಕು 20, ಬ್ಯಾಟರಿ 12, ಎಲೆಕ್ಟ್ರಿಕ್ ಮೋಟಾರು 15, ನೆಲ 30, ಒಟ್ಟು 129. ಉಳಿದದ್ದು 188 ಕಿಲೋ. ಗಂಡ, ಹೆಂಡತಿ, ಮಗು, ಬುತ್ತಿ. ಮೀನು ಸಿಕ್ಕಿದರೆ ಅದಕ್ಕೂ ಜಾಗ.

ಕಾರ್ಪೆಟ್ ಬೇಡ ಅಂತಲೂ ಹೇಳಿದೆ. ನೀರು ಕುಡಿದು ಭಾರವಾಗುತ್ತದೆ, ಮೀನಿನ ವಾಸನೆ ಬೇರೆ. ಅದಕ್ಕೆ ನನ್ನಾಕೆಯ ಬೆಂಬಲ ಸಿಕ್ಕಿತು.

ಕಳೆದ ಶನಿವಾರದ ಸುದ್ದಿ: ನಡುವಿನ ಬೆಂಚು ಉಳಿಯಿತು, ಆಂಗಲ್‌ಗಳು ಬಂದಿವೆ, ಹಿಂದಿನ ನೆಲ ಕೂತಿದೆ. ಮುಂದಿನ ಡೆಕ್ಕಿನ ಮಾತು ಮಾತ್ರ ಬಗೆಹರಿದಿಲ್ಲ. ಬೆಂಚಿನ ಮಟ್ಟಕ್ಕೆ ಬೇಡ, ಅರ್ಧ ಎತ್ತರಕ್ಕಾದರೂ ಮಾಡಿಕೊಳ್ಳುತ್ತೇನೆ ಮಾವ ಅನ್ನುತ್ತಿದ್ದಾನೆ. ಎಷ್ಟು ಇಂಚು ಅಂತ ಕೇಳಿದ್ದೇನೆ, ಅಳೆದು ಹೇಳುತ್ತೇನೆ ಅಂದಿದ್ದಾನೆ.